ಸೋಲ್ ಫುಡ್ ಬೀನ್ಸ್ ಮನೆಯಲ್ಲೇ ಮಾಡುವುದು ಹೇಗೆ: ಮೊದಲು ಕಟ್ಟು, ಆಮೇಲೆ ಕಾಳು

ಅಮೆರಿಕದ ದಕ್ಷಿಣ ರಾಜ್ಯಗಳ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಅಜ್ಜಿಯ ಅಡುಗೆ ಬಗ್ಗೆ ಕೇಳಿ ನೋಡಿ. ಆ ಮನೆಗಳ ಅಡುಗೆಗೇ ಸೋಲ್ ಫುಡ್ ಅಂತ ಹೆಸರು. ಮೊದಲು ಬರುವುದು ಕರಿದ ಕೋಳಿ, ಮ್ಯಾಕರೋನಿ ಚೀಸ್, ಗೆಣಸಿನ ಪೈ. ಅವೆಲ್ಲ ಭಾನುವಾರ ಚರ್ಚ್ ಮುಗಿಸಿ ಬಂದ ಮೇಲಿನ ಊಟ. ಇನ್ನೂ ಸ್ವಲ್ಪ ಹೊತ್ತು ಕೂತು ಮಾತಾಡಿಸಿದರೆ ಬೀನ್ಸ್ ಪಾತ್ರೆಯ ವಿಷಯ ಬರುತ್ತದೆ. ವಾರವಿಡೀ ಹೊಟ್ಟೆ ತುಂಬಿಸಿದ್ದು ಅದು. ಬೆಳಿಗ್ಗೆ ಒಲೆಗೆ ಏರಿಸಿದರೆ ಮಧ್ಯಾಹ್ನದವರೆಗೂ ಸಣ್ಣ ಉರಿಯಲ್ಲಿ ಕೂತಿರುತ್ತಿತ್ತು. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಒಂದು ತುಂಡು, ಹಸಿ ಈರುಳ್ಳಿ. ಅಷ್ಟೇ ಊಟ.

ನಾವಿರುವುದು ಅಟ್ಲಾಂಟಾ ಹತ್ತಿರ. ಈ ಅಡುಗೆಯನ್ನು ನಾನು ಕಲಿತದ್ದು ಪಕ್ಕದ ಮನೆಯ ಅಜ್ಜಿಯಿಂದ. ಅವರು ಅಲಬಾಮಾದ ಹಳ್ಳಿಯವರು. ಅವರ ಅಡುಗೆಯಲ್ಲಿ ಮಸಾಲೆ ಡಬ್ಬಿಗೆ ಕೆಲಸವೇ ಇಲ್ಲ. ನಮ್ಮ ಕೈಯೋ, ಕಾಳು ಬೆಂದ ಕೂಡಲೇ ಸಾಸಿವೆ, ಕರಿಬೇವು ಹುಡುಕುತ್ತದೆ. ದಯವಿಟ್ಟು ಆ ಕೈ ಕಟ್ಟಿಕೊಂಡು ಕೂತುಕೊಳ್ಳಿ. ಈ ಅಡುಗೆಯ ರುಚಿಯೆಲ್ಲ ಇರುವುದು ಕಟ್ಟಿನಲ್ಲಿ, ಅಂದರೆ ಮೂಳೆ ಕುದಿಸಿ ಇಳಿಸಿದ ಸಾರದಲ್ಲಿ. ಕಟ್ಟು ಸರಿಯಾದರೆ ಬೀನ್ಸ್ ತಾನಾಗಿ ಸರಿಯಾಗುತ್ತದೆ. ಕಟ್ಟು ನೀರುನೀರಾಗಿದ್ದರೆ ಮೇಲೆ ಏನು ಸುರಿದರೂ ಅದು ಬೇಯಿಸಿದ ಕಾಳು ಮಾತ್ರ.

ಈ ಅಡುಗೆ ಬಂದದ್ದು ಎಲ್ಲಿಂದ

ಇದರ ಮುಖ್ಯ ಕಾಳು ನಮ್ಮ ಅಲಸಂದೆಯೇ. ಅಲಸಂದೆಯ ತವರು ಆಫ್ರಿಕಾ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ನಮ್ಮ ಹೊಲಗಳಲ್ಲಿ ಒಗ್ಗಿಕೊಂಡಿತು. ಅಮೆರಿಕಕ್ಕೆ ಹೋದ ದಾರಿ ಬೇರೆ. ಗುಲಾಮರನ್ನು ತುಂಬಿಕೊಂಡು ಹೊರಟ ಹಡಗುಗಳ ಜೊತೆ ಅದು ಅಟ್ಲಾಂಟಿಕ್ ದಾಟಿತು. ಬೆಂಡೆಕಾಯಿಯದೂ ಇದೇ ಕಥೆ.

ಗುಲಾಮರಿಗೆ ಕೊಡುತ್ತಿದ್ದ ಪಡಿ ಎಷ್ಟಿತ್ತು ಅಂತ, ತಾವೇ ಗುಲಾಮರಾಗಿದ್ದ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೇರಿಲ್ಯಾಂಡಿನ ತೋಟದಲ್ಲಿ ದೊಡ್ಡವರಿಗೆ ತಿಂಗಳಿಗೆ ಎಂಟು ಪೌಂಡ್ ಹಂದಿ ಮಾಂಸ, ಇಲ್ಲವೇ ಅಷ್ಟು ಬೆಲೆಯ ಮೀನು, ಒಂದು ಬುಶೆಲ್ (ಸುಮಾರು 35 ಲೀಟರ್ ಹಿಡಿಯುವ ಅಳತೆ) ಮೆಕ್ಕೆಜೋಳದ ಹಿಟ್ಟು. ಎಂಟು ಪೌಂಡ್ ಅಂದರೆ ಸುಮಾರು ಮೂರೂವರೆ ಕಿಲೋ. ಹೊಲದಲ್ಲಿ ಬೆಳಗಿನಿಂದ ಕತ್ತಲೆವರೆಗೆ ದುಡಿಯುವ ಆಳಿಗೆ ಇಡೀ ತಿಂಗಳಿಗೆ ಅಷ್ಟು. ಉಳಿದದ್ದನ್ನು ಗುಡಿಸಲ ಹಿಂದಿನ ತುಂಡು ನೆಲದಲ್ಲಿ ತಾವೇ ಬೆಳೆದುಕೊಳ್ಳಬೇಕಿತ್ತು. ಹಂದಿಯ ಒಳ್ಳೆಯ ಭಾಗ ಧಣಿಯ ಮನೆಗೆ ಹೋಗುತ್ತಿತ್ತು. ಕಾಲು, ಕತ್ತಿನ ಮೂಳೆ, ಕೊಬ್ಬು ಇವರ ಪಾಲಿಗೆ. ಉಪ್ಪು ಹಚ್ಚಿ ಹೊಗೆಯಲ್ಲಿಟ್ಟ ಆ ಮೂಳೆಯನ್ನು ಕಾಳಿನ ಜೊತೆ ಕುದಿಸಿದಾಗ ಚೂರು ಮಾಂಸದ ರುಚಿ ಇಡೀ ಪಾತ್ರೆಗೆ ಹರಡಿತು. ಇವತ್ತಿಗೂ ಪಾತ್ರೆಯಲ್ಲಿ ಮಾಂಸ ಹೆಸರಿಗೆ ಮಾತ್ರ ಇರುವುದು ಇದಕ್ಕೇ.

1910ರಿಂದ 1970ರ ನಡುವೆ ಸುಮಾರು 60 ಲಕ್ಷ ಆಫ್ರಿಕನ್ ಅಮೆರಿಕನ್ನರು ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯ್ಟ್, ನ್ಯೂಯಾರ್ಕ್ ಕಡೆ ಹೋದರು. ಅಡುಗೆಯೂ ಜೊತೆಗೆ ಹೋಯಿತು. ಸೋಲ್ ಫುಡ್ ಎಂಬ ಹೆಸರು ಎಲ್ಲರ ಬಾಯಿಗೆ ಬಂದದ್ದು 1960ರ ದಶಕದಲ್ಲಿ. ದಕ್ಷಿಣ ಕೆರೊಲಿನಾದ ಹೆಮಿಂಗ್‌ವೇ ಊರಿನ ಸಿಲ್ವಿಯಾ ವುಡ್ಸ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ತಮ್ಮ ಹೋಟೆಲ್ ಶುರು ಮಾಡಿದ್ದು 1962ರಲ್ಲಿ. ನಮ್ಮ ಅಟ್ಲಾಂಟಾದಲ್ಲಿ ಪಾಸ್ಕಲ್ ಸಹೋದರರ ಹೋಟೆಲ್ ಇನ್ನೂ ಹಳೆಯದು, 1947ರದ್ದು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಂಗಡಿಗರು ಅಲ್ಲಿ ಕೂತು ಊಟ ಮಾಡುತ್ತಾ ಹೋರಾಟದ ಲೆಕ್ಕಾಚಾರ ಹಾಕುತ್ತಿದ್ದರು.

ಯಾವ ಕಾಳು ತರಬೇಕು

ದಕ್ಷಿಣದಲ್ಲಿ ಬೀನ್ಸ್ ಅಂದರೆ ಒಂದೇ ಕಾಳಲ್ಲ. ಊರಿಗೊಂದು ನಿಷ್ಠೆ.

ಜಾರ್ಜಿಯಾ, ಅಲಬಾಮಾ, ಕೆರೊಲಿನಾ ಕಡೆ ಬ್ಲ್ಯಾಕ್ ಐಡ್ ಪೀಸ್, ಅಂದರೆ ಕಪ್ಪು ಚುಕ್ಕೆಯ ಬಿಳಿ ಅಲಸಂದೆ. ಇದರದೇ ಬಳಗದಲ್ಲಿ ಪರ್ಪಲ್ ಹಲ್, ಕ್ರೌಡರ್, ಲೇಡಿ ಪೀಸ್ ಎಂಬ ತಳಿಗಳಿವೆ. ಪರ್ಪಲ್ ಹಲ್ ಬೇಸಿಗೆಯಲ್ಲಿ ಹಸಿಯಾಗಿ ಬರುತ್ತದೆ. ಸಿಪ್ಪೆ ನೇರಳೆ ಬಣ್ಣ. ಒಂದು ಬುಟ್ಟಿ ಬಿಡಿಸುವಷ್ಟರಲ್ಲಿ ಹೆಬ್ಬೆರಳ ಉಗುರಿನ ಸಂದಿಯೆಲ್ಲ ನೇರಳೆ. ಸೋಪಿಗೆ ಬೇಗ ಹೋಗುವುದಿಲ್ಲ. ಮರುದಿನ ಚರ್ಚಿನಲ್ಲಿ ಯಾರ ಮನೆಯಲ್ಲಿ ಕಾಳು ಬಿಡಿಸಿದರು ಅಂತ ಮಕ್ಕಳ ಬೆರಳು ನೋಡಿಯೇ ಹೇಳಬಹುದಿತ್ತಂತೆ. ಪಕ್ಕದ ಮನೆಯ ಅಜ್ಜಿಯ ನೆನಪುಗಳೆಲ್ಲ ಶುರುವಾಗುವುದು ಅಡುಗೆಮನೆಯಿಂದಲ್ಲ, ಕಾಳು ಬಿಡಿಸುತ್ತಿದ್ದ ಜಗಲಿಯಿಂದ. ಸಂಜೆ ಹೆಂಗಸರೆಲ್ಲ ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದರು. ಮಕ್ಕಳು ಸುಮ್ನೆ ಕೂತು ಬಿಡಿಸುವ ತನಕ ದೊಡ್ಡವರ ಮಾತು ಕೇಳಿಸಿಕೊಳ್ಳಬಹುದು. ಬಾಯಿ ತೆರೆದರೆ ಒಳಗೆ ಓಡಿಸುತ್ತಿದ್ದರು.

ಬಟರ್ ಬೀನ್ಸ್ ಅಂತ ಇಲ್ಲಿ ಮಾರುವುದು ನಮ್ಮ ಡಬಲ್ ಬೀನ್ಸ್. ಬೆಂದಾಗ ಬೆಣ್ಣೆಯ ಹಾಗೆ ಆಗುತ್ತದೆ. ಅಪಲೇಶಿಯಾ ಬೆಟ್ಟಗಳ ಕಡೆ ಪಿಂಟೊ ಬೀನ್ಸ್. ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲಿ ಕೆಂಪು ಬೀನ್ಸ್, ಅದೂ ಸೋಮವಾರ. ಅದರ ವಿಷಯ ಮುಂದೆ ಹೇಳುತ್ತೇನೆ.

ಮೊದಲ ಸಲಕ್ಕೆ ಅಲಸಂದೆಯೇ ಒಳ್ಳೆಯದು. ನೆನೆಸದಿದ್ದರೂ ಬೇಯುತ್ತದೆ, ಬೆಂಗಳೂರಿನಲ್ಲೂ ಸಿಗುತ್ತದೆ, ಅಮೆರಿಕದ ಇಂಡಿಯನ್ ಸ್ಟೋರ್‌ಗಳಲ್ಲಿ ಲೋಬಿಯಾ ಎಂಬ ಹೆಸರಲ್ಲೂ ಇರುತ್ತದೆ. ಒಂದೇ ಮಾತು: ಹೊಸ ಕಾಳು ನೋಡಿ ತನ್ನಿ. ಎರಡು ಮೂರು ವರ್ಷ ಡಬ್ಬಿಯಲ್ಲಿ ಕೂತ ಕಾಳು ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಸುಕ್ಕಾಗಿದ್ದರೆ, ಸಿಪ್ಪೆ ಒಡೆದಿದ್ದರೆ, ಬಣ್ಣ ಕಂದಿದ್ದರೆ ಬೇಡ.

ಹೊಗೆಯ ವಾಸನೆ ಎಲ್ಲಿಂದ ಬರಬೇಕು

ಹಳೆಯ ಪದ್ಧತಿಯಲ್ಲಿ ಹ್ಯಾಮ್ ಹಾಕ್, ಅಂದರೆ ಉಪ್ಪು ಹಚ್ಚಿ ಹೊಗೆಯಲ್ಲಿಟ್ಟ ಹಂದಿಯ ಕಾಲಿನ ಗಂಟು. ಕತ್ತಿನ ಮೂಳೆಯೂ ನಡೆಯುತ್ತದೆ. ಇದರಲ್ಲಿ ಮಾಂಸಕ್ಕಿಂತ ಚರ್ಮ, ನರ, ಮೂಳೆಯೇ ಜಾಸ್ತಿ. ಕಟ್ಟಿಗೆ ಅಂಟು ಕೊಡುವುದೂ ಅದೇ. ಈಗ ರಕ್ತದೊತ್ತಡ, ಕೊಬ್ಬು ಅಂತ ಹೆದರಿ ಬಹಳ ಮನೆಗಳಲ್ಲಿ ಹೊಗೆಯಲ್ಲಿಟ್ಟ ಟರ್ಕಿ ರೆಕ್ಕೆ ಅಥವಾ ಕಾಲು ಹಾಕುತ್ತಾರೆ. ರುಚಿ ಸ್ವಲ್ಪ ತೆಳು, ಆದರೆ ಚೆನ್ನಾಗಿಯೇ ಇರುತ್ತದೆ.

ಸಸ್ಯಾಹಾರಿಗಳಿಗೆ ದಾರಿ ಇದೆ, ಆದರೆ ಸ್ವಲ್ಪ ಕೆಲಸ ಜಾಸ್ತಿ. ಮೂಳೆ ಮೂರು ಕೆಲಸ ಮಾಡುತ್ತದೆ: ಹೊಗೆ, ಕೊಬ್ಬು, ಅಂಟು. ಮೂರಕ್ಕೂ ಬದಲಿ ಬೇಕು. ಎರಡು ದೊಡ್ಡ ಈರುಳ್ಳಿ, ಸುಮಾರು 200 ಗ್ರಾಂ ಅಣಬೆಯನ್ನು ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಚೆನ್ನಾಗಿ ಕಂದು ಬರುವ ತನಕ ಹುರಿಯಿರಿ. ಅರ್ಧಂಬರ್ಧ ಹುರಿದರೆ ಏನೂ ಪ್ರಯೋಜನವಿಲ್ಲ. ತಳ ಹಿಡಿಯುವ ಹಂತಕ್ಕೆ ಬರಬೇಕು. ಅದಕ್ಕೆ ಒಂದೂವರೆ ಚಿಕ್ಕ ಚಮಚ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆಯಲ್ಲಿ ಒಣಗಿಸಿದ ಮೆಣಸಿನ ಪುಡಿ), ಒಂದು ದೊಡ್ಡ ಚಮಚ ಸೋಯಾ ಸಾಸ್. ಪ್ಯಾಪ್ರಿಕಾ ಸಿಗದಿದ್ದರೆ ಬೆಂದ ಬೀನ್ಸ್ ನಡುವೆ ಒಂದು ಬಟ್ಟಲಿಟ್ಟು, ಅದರಲ್ಲಿ ಕೆಂಡ ಹಾಕಿ, ನಾಲ್ಕು ಹನಿ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡಿ. ಅಂಟಿಗೆ ಕೊನೆಯಲ್ಲಿ ಕಾಳನ್ನು ಸ್ವಲ್ಪ ಜಾಸ್ತಿಯೇ ಮಸೆಯಬೇಕು.

ಅಂದ ಹಾಗೆ ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ದಕ್ಷಿಣದ ಹೋಟೆಲ್‌ಗಳಲ್ಲಿ ಒಂದು ಮಾಂಸ, ಮೂರು ತರಕಾರಿ ಎಂಬ ಊಟ ಬಹಳ ಪ್ರಸಿದ್ಧ. ತರಕಾರಿ ಪಟ್ಟಿ ನೋಡಿ ಖುಷಿಪಡಬೇಡಿ. ಆ ಪಟ್ಟಿಯಲ್ಲಿ ಮ್ಯಾಕರೋನಿ ಚೀಸ್ ಕೂಡ ತರಕಾರಿಯೇ. ಬೀನ್ಸ್, ಸೊಪ್ಪು ಎರಡರಲ್ಲೂ ಹಂದಿ ಮಾಂಸ ಇರುತ್ತದೆ ಅಂತಲೇ ತಿಳಿದು ಬಾಯಿಬಿಟ್ಟು ಕೇಳಿ.

ಬೇಕಾದ ಸಾಮಾನು

ಆರರಿಂದ ಎಂಟು ಜನಕ್ಕೆ: ಅಲಸಂದೆ 450 ಗ್ರಾಂ, ಹ್ಯಾಮ್ ಹಾಕ್ ಒಂದು ದೊಡ್ಡದು ಅಥವಾ ಟರ್ಕಿ ರೆಕ್ಕೆ ಒಂದು, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಒಣ ಮೆಣಸಿನಕಾಯಿ ಒಂದು, ಬೇ ಎಲೆ ಎರಡು, ಕಾಳುಮೆಣಸಿನ ಪುಡಿ, ಉಪ್ಪು, ಎರಡೂವರೆ ಲೀಟರ್ ನೀರು. ಬೇ ಎಲೆಗೆ ಬದಲು ನಮ್ಮ ಪಲಾವ್ ಎಲೆ ಹಾಕಬೇಡಿ. ಅದರಲ್ಲಿ ಚಕ್ಕೆಯ ವಾಸನೆ ಇದೆ, ಇಲ್ಲಿಗೆ ಹೊಂದುವುದಿಲ್ಲ. ಸಿಗದಿದ್ದರೆ ಬಿಟ್ಟುಬಿಡಿ. ದಪ್ಪ ತಳದ ಪಾತ್ರೆ ಇರಲಿ.

ಹಂತ 1: ಆರಿಸಿ

ಕಾಳನ್ನು ತಟ್ಟೆಗೆ ಸುರಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳಿನಿಂದ ಸರಿಸುತ್ತಾ ಹೋಗಿ. ಪ್ಯಾಕೆಟ್ ಕಾಳಾದರೂ ಇದನ್ನು ಬಿಡಬೇಡಿ. ಅಲಸಂದೆಯ ಗಾತ್ರದ್ದೇ ಮಣ್ಣಿನ ಹೆಂಟೆ, ಅದೇ ಬಣ್ಣದ ಕಲ್ಲು ಇರುತ್ತದೆ. ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ತೇಲಿ ಬಂದದ್ದನ್ನು ತೆಗೆದುಹಾಕಿ.

ಹಂತ 2: ನೆನೆಸುವುದು, ಬೇಕಿದ್ದರೆ

ಅಲಸಂದೆಗೆ ನೆನೆಸುವ ಅಗತ್ಯವಿಲ್ಲ. ಡಬಲ್ ಬೀನ್ಸ್, ಪಿಂಟೊ, ಕೆಂಪು ಬೀನ್ಸ್‌ಗೆ ರಾತ್ರಿಯೇ ನೆನೆಸಿ. ಎರಡು ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಉಪ್ಪು ಹಾಕಿ ನೆನೆಸಿದರೆ ಇನ್ನೂ ಒಳ್ಳೆಯದು.

ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಅಂತ ಇಲ್ಲೂ ಹೇಳುತ್ತಾರೆ, ನಮ್ಮಲ್ಲೂ ಹೇಳುತ್ತಾರೆ. ನಡೆಯುವುದು ಉಲ್ಟಾ. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಆ ಜಾಗಕ್ಕೆ ನುಗ್ಗಿ ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಬೆಂದ ಮೇಲೆ ಸಿಪ್ಪೆ ಒಡೆಯುವುದು ಕಡಿಮೆ, ಒಳಗೆ ಮೆತ್ತಗೆ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು ಬಳಸಿ. ಹೊಟ್ಟೆ ಉಬ್ಬರವೂ ಸ್ವಲ್ಪ ಕಡಿಮೆಯಾಗುತ್ತದೆ.

ನಿಜವಾಗಿ ಕಾಳನ್ನು ಗಟ್ಟಿ ಮಾಡುವುದು ಎರಡು: ಹುಳಿ, ಗಡಸು ನೀರು. ಟೊಮೆಟೊ, ವಿನೆಗರ್ ಏನೇ ಇದ್ದರೂ ಕಾಳು ಪೂರ್ತಿ ಬೆಂದ ಮೇಲೆ. ಬೆಂಗಳೂರಿನ ಬೋರ್‌ವೆಲ್ ನೀರಾದರೆ ಫಿಲ್ಟರ್ ನೀರು ಹಾಕಿ. ಇಲ್ಲವೇ ಚಿಟಿಕೆ ಅಡುಗೆ ಸೋಡಾ. ಚಿಟಿಕೆಗಿಂತ ಜಾಸ್ತಿ ಹಾಕಿದರೆ ಸೋಪಿನ ರುಚಿ.

ಹಂತ 3: ಮೊದಲು ಕಟ್ಟು

ಬಹಳ ಜನ ಕಾಳು, ಮೂಳೆ ಎರಡನ್ನೂ ಒಟ್ಟಿಗೆ ಹಾಕಿಬಿಡುತ್ತಾರೆ. ಅಲಸಂದೆ ಒಂದು ಗಂಟೆಯೊಳಗೆ ಬೇಯುತ್ತದೆ. ಮೂಳೆ ತನ್ನ ರಸ ಬಿಡುವುದಕ್ಕೆ ಎರಡು ಗಂಟೆ ಬೇಕು. ಒಟ್ಟಿಗೆ ಹಾಕಿದರೆ ಕಾಳು ಮುದ್ದೆ, ಇಲ್ಲವೇ ಕಟ್ಟು ಸಪ್ಪೆ.

ಅದಕ್ಕೇ ಮೊದಲು ನೀರು, ಮೂಳೆ, ಅರ್ಧ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಬೇ ಎಲೆ, ಒಣ ಮೆಣಸಿನಕಾಯಿ ಹಾಕಿ ಕುದಿ ಬರಿಸಿ. ಮೇಲೆ ಬಂದ ನೊರೆ ತೆಗೆಯಿರಿ. ಉರಿ ಇಳಿಸಿ, ಮುಚ್ಚಳ ಓರೆ ಮಾಡಿ ಒಂದೂವರೆಯಿಂದ ಎರಡು ಗಂಟೆ ಬಿಡಿ. ಮೂಳೆಯ ಚರ್ಮಕ್ಕೆ ಚಮಚ ಒತ್ತಿದರೆ ಹರಿಯಬೇಕು. ಎರಡು ಬೆರಳಿಗೆ ಕಟ್ಟು ಹಚ್ಚಿ ಒತ್ತಿ ಬಿಡಿಸಿ ನೋಡಿ, ಸ್ವಲ್ಪ ಅಂಟಬೇಕು. ಆಗ ಕಟ್ಟು ಆಯಿತು. ಇಷ್ಟರಲ್ಲಿ ನೀರು ಇಂಗಿ ಎರಡು ಲೀಟರ್‌ಗಿಂತ ಕೆಳಗೆ ಬಂದಿರುತ್ತದೆ.

ಈ ಹಂತದಲ್ಲಿ ಉಪ್ಪು ಹಾಕಬೇಡಿ. ಹ್ಯಾಮ್ ಹಾಕ್‌ನಲ್ಲೇ ಬೇಕಾದಷ್ಟಿದೆ. ಒಂದು ಹಾಕ್‌ಗೂ ಇನ್ನೊಂದಕ್ಕೂ ಉಪ್ಪಿನಲ್ಲಿ ಅಜಗಜಾಂತರ. ಯಾವ ಅಳತೆಯೂ ಇಲ್ಲಿ ಕೆಲಸಕ್ಕೆ ಬಾರದು, ನಾಲಿಗೆ ಮಾತ್ರ.

ಹಂತ 4: ಆಮೇಲೆ ಕಾಳು

ಈಗ ಕಾಳು, ಉಳಿದರ್ಧ ಈರುಳ್ಳಿ ಸಣ್ಣಗೆ ಹೆಚ್ಚಿದ್ದು, ಕಾಳುಮೆಣಸು ಹಾಕಿ. ಕಾಳಿನ ಮೇಲೆ ಎರಡು ಬೆರಳು ಕಟ್ಟು ನಿಲ್ಲಬೇಕು. ಒಂದು ಕುದಿ ಬಂದ ಕೂಡಲೇ ಉರಿ ಇಳಿಸಿ. ಗುಳ್ಳೆ ಒಂದೊಂದಾಗಿ ನಿಧಾನವಾಗಿ ಏಳಬೇಕು. ಕೊತಕೊತ ಕುದಿದರೆ ಕಾಳು ಒಂದಕ್ಕೊಂದು ಬಡಿದು ಸಿಪ್ಪೆ ಬಿಚ್ಚಿಕೊಳ್ಳುತ್ತದೆ.

ನೆನೆಸದ ಅಲಸಂದೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನೆನೆಸಿದ ಡಬಲ್ ಬೀನ್ಸ್‌ಗೆ ಒಂದರಿಂದ ಒಂದೂವರೆ ಗಂಟೆ. ಪಿಂಟೊ, ಕೆಂಪು ಬೀನ್ಸ್‌ಗೆ ಒಂದೂವರೆಯಿಂದ ಎರಡು. ಕೆಂಪು ಬೀನ್ಸ್ ಆದರೆ ಸಣ್ಣ ಉರಿಗೆ ಮೊದಲು ಅರ್ಧ ಗಂಟೆ ಕೊತಕೊತ ಕುದಿಸಲೇಬೇಕು, ಕಾರಣ ಮುಂದೆ ಹೇಳುತ್ತೇನೆ. ಪದೇ ಪದೇ ತಿರುವಬೇಡಿ. ಪಾತ್ರೆ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು. ಕಟ್ಟು ಕಡಿಮೆಯಾದರೆ ಬಿಸಿ ನೀರೇ ಹಾಕಬೇಕು, ತಣ್ಣೀರಲ್ಲ.

ಬೆಂದಿತೋ ಇಲ್ಲವೋ ನೋಡುವುದಕ್ಕೆ ಅಜ್ಜಿ ಕಲಿಸಿದ ರೀತಿ ಇದು. ಚಮಚದಲ್ಲಿ ನಾಲ್ಕೈದು ಕಾಳು ಎತ್ತಿ ಮೆಲ್ಲಗೆ ಊದಿ. ಹದಕ್ಕೆ ಬಂದಿದ್ದರೆ ಸಿಪ್ಪೆ ಸುಕ್ಕಾಗಿ ಹಿಂದಕ್ಕೆ ಸುರುಳಿಯಾಗುತ್ತದೆ. ಆಮೇಲೆ ಆ ನಾಲ್ಕೈದನ್ನೂ ತಿಂದು ನೋಡಿ. ಒಂದೇ ಕಾಳು ತಿಂದರೆ ಮೋಸ ಹೋಗುತ್ತೀರಿ, ಪಕ್ಕದ್ದು ಗಟ್ಟಿ ಇರುತ್ತದೆ. ನಾಲಿಗೆಯನ್ನು ಮೇಲಂಗಳಕ್ಕೆ ಒತ್ತಿದರೆ ಕಾಳು ಪುಡಿಯಾಗಬೇಕು, ಹಲ್ಲಿಗೆ ಕೆಲಸ ಇರಬಾರದು. ಹೋಟೆಲ್‌ಗಳಲ್ಲಿ ಕೆಲವರು ಅರೆಬೆಂದ ಹಾಗೆ ಕೊಟ್ಟು ಇದೇ ಹೊಸ ಶೈಲಿ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ.

ಹಂತ 5: ಮಸೆದು, ಉಪ್ಪು ನೋಡಿ, ಬಿಡಿ

ಮೂಳೆ ಹೊರತೆಗೆದು ತಣಿದ ಮೇಲೆ ಮಾಂಸ ಬಿಡಿಸಿ, ಸಣ್ಣಗೆ ಮಾಡಿ ಪಾತ್ರೆಗೇ ಹಾಕಿ. ಒಂದು ದೊಡ್ಡ ಸೌಟು ಕಾಳನ್ನು ಪಾತ್ರೆಯ ಬದಿಗೆ ಒತ್ತಿ ಮಸೆಯಿರಿ. ಆ ಹಿಟ್ಟು ಕಟ್ಟಿನಲ್ಲಿ ಕರಗಿ ಗಟ್ಟಿಯಾಗುತ್ತದೆ. ಮೈದಾ, ಕಾರ್ನ್‌ಫ್ಲೋರ್ ಏನೂ ಬೇಡ. ಈಗ ಉಪ್ಪು ನೋಡಿ, ಬೇಕಿದ್ದರೆ ಹಾಕಿ. ಹತ್ತು ನಿಮಿಷ ಮತ್ತೆ ಸಣ್ಣ ಉರಿ, ಆಮೇಲೆ ಒಲೆ ಆರಿಸಿ ಅರ್ಧ ಗಂಟೆ ಮುಚ್ಚಿಡಿ. ಕಟ್ಟು ಹೀರಿಕೊಳ್ಳುವುದು ಆಗಲೇ.

ಹುಳಿ, ಖಾರ ಬೇಕಾದವರು ತಟ್ಟೆಗೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಪೆಪ್ಪರ್ ವಿನೆಗರ್ ಅಂತ ಒಂದು ಸೀಸೆ ಇಲ್ಲಿನ ಮೇಜಿನ ಮೇಲೆ ಇದ್ದೇ ಇರುತ್ತದೆ. ಚಿಕ್ಕ ಹಸಿಮೆಣಸಿನಕಾಯಿಗಳನ್ನು ತೊಟ್ಟು ತೆಗೆದು, ಒಂದೊಂದಕ್ಕೂ ಸೀಳು ಕೊಟ್ಟು ಗಾಜಿನ ಸೀಸೆಯಲ್ಲಿ ತುಂಬಿ. ಕುದಿ ಬಂದ ಬಿಳಿ ವಿನೆಗರ್ ಸುರಿದು ಮುಚ್ಚಿ. ಒಂದು ವಾರ ಬಿಟ್ಟು ಫ್ರಿಜ್‌ನಿಂದ ತೆಗೆದು ನಾಲ್ಕು ಹನಿ ಬೀನ್ಸ್ ಮೇಲೆ ಬಿಟ್ಟುಕೊಳ್ಳಿ. ನಮ್ಮ ಸೂಜಿ ಮೆಣಸಿನಲ್ಲಿ ಮಾಡಿದರೆ ಎರಡೇ ಹನಿ ಸಾಕು.

ಕುಕ್ಕರ್‌ನಲ್ಲಿ ಮಾಡಬಹುದಾ

ಮಾಡಬಹುದು. ಕಾಳು ಬೇಯುತ್ತದೆ, ಆದರೆ ಕಟ್ಟು ಗಟ್ಟಿಯಾಗುವುದಿಲ್ಲ. ಮೂಳೆಯನ್ನು ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ ಹೊತ್ತು ಉಳಿಸಿ. ಕಾಳನ್ನು ಮಾತ್ರ ತೆರೆದ ಪಾತ್ರೆಯಲ್ಲೇ ಬೇಯಿಸಿ. ಅದೂ ಕುಕ್ಕರೇ ಆಗಬೇಕು ಅಂದರೆ, ಕೂಗಿಸಿ ತೆರೆದ ಮೇಲೆ ಇಪ್ಪತ್ತು ನಿಮಿಷ ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿಟ್ಟು ಮಸೆಯಿರಿ.

ಸೋಮವಾರದ ಕೆಂಪು ಬೀನ್ಸ್

ನ್ಯೂ ಆರ್ಲಿಯನ್ಸ್‌ನಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ವಾಷಿಂಗ್ ಮೆಷಿನ್ ಇಲ್ಲದ ಕಾಲ. ದಿನವಿಡೀ ಒಗೆಯುವುದರಲ್ಲೇ ಹೋಗುತ್ತಿತ್ತು. ಭಾನುವಾರದ ಹ್ಯಾಮ್ ಮೂಳೆ ಉಳಿದಿರುತ್ತಿತ್ತು. ಅದರ ಜೊತೆ ಕೆಂಪು ಬೀನ್ಸ್ ಒಲೆಗಿಟ್ಟರೆ ತಾನಾಗಿ ಬೇಯುತ್ತದೆ, ಪಕ್ಕದಲ್ಲಿ ನಿಲ್ಲಬೇಕಿಲ್ಲ. ಕೈಯಲ್ಲಿ ಒಗೆಯುವುದು ಹೋಗಿ ಮೆಷಿನ್ ಬಂತು, ಆದರೂ ಸೋಮವಾರದ ಬೀನ್ಸ್, ಅನ್ನ ಹಾಗೇ ಉಳಿಯಿತು. ಅದೇ ಊರಿನ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ಇದರ ಮೇಲೆ ಎಷ್ಟು ಪ್ರೀತಿ ಅಂದರೆ ಪತ್ರದ ಕೊನೆಯಲ್ಲಿ ಇಂತಿ ನಿಮ್ಮ ಕೆಂಪು ಬೀನ್ಸ್ ಅನ್ನದವ ಎನ್ನುವ ಧಾಟಿಯಲ್ಲಿ ಸಹಿ ಹಾಕುತ್ತಿದ್ದರು.

ಇದಕ್ಕೆ ಈರುಳ್ಳಿ, ಸೆಲೆರಿ, ಹಸಿರು ಕ್ಯಾಪ್ಸಿಕಂ ಮೂರನ್ನೂ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ. ಬೆಳ್ಳುಳ್ಳಿ, ಥೈಮ್, ಖಾರದ ಪುಡಿ ಸೇರಿಸಿ. ಉಳಿದದ್ದು ಮೇಲಿನ ಹಾಗೆಯೇ. ಮಸೆಯುವುದು ಮಾತ್ರ ಜಾಸ್ತಿ, ಮೂರನೇ ಒಂದು ಭಾಗ ಕಾಳು ಕರಗಿಹೋಗಬೇಕು. ಕೊನೆಗೆ ಬಿಸಿ ಅನ್ನದ ಮೇಲೆ.

ಇಲ್ಲಿ ಒಂದು ವಿಷಯ ತಮಾಷೆಯಲ್ಲ. ಕೆಂಪು ಬೀನ್ಸ್, ಅಂದರೆ ರಾಜ್ಮಾ ಜಾತಿಯ ಕಾಳು, ಹಸಿಯಾಗಿದ್ದಾಗ ಅದರಲ್ಲಿ ಒಂದು ವಿಷದ ಅಂಶ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ. ಆಮೇಲೆ ಸಣ್ಣ ಉರಿ. ಸ್ಲೋ ಕುಕ್ಕರ್‌ಗೆ ನೇರವಾಗಿ ಹಸಿ ರಾಜ್ಮಾ ಹಾಕಲೇಬಾರದು. ಅದು ಕುದಿಯುವ ಬಿಸಿಗೆ ಹೋಗುವುದಿಲ್ಲ. ಕಡಿಮೆ ಬಿಸಿಯಲ್ಲಿ ವಿಷ ಹೋಗುವ ಬದಲು ಹೆಚ್ಚುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಆ ಭಯವಿಲ್ಲ.

ಜೊತೆಗೆ ಕಾರ್ನ್‌ಬ್ರೆಡ್

ಬೀನ್ಸ್ ಇದ್ದು ಕಾರ್ನ್‌ಬ್ರೆಡ್ ಇಲ್ಲದಿದ್ದರೆ ಊಟ ಅರ್ಧ. ಮೆಕ್ಕೆಜೋಳದ ಹಿಟ್ಟು, ಸಣ್ಣ ರವೆಯ ಹದದ್ದು, ಎರಡು ಕಪ್. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಅಂತ ಕೇಳಿದರೆ ಸೂಪ್ ಗಟ್ಟಿ ಮಾಡುವ ಬಿಳಿ ಪುಡಿ ಕೊಡುತ್ತಾರೆ, ಅದಲ್ಲ. ಒಂದು ಚಿಕ್ಕ ಚಮಚ ಉಪ್ಪು, ಎರಡು ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ, ಎರಡು ಮೊಟ್ಟೆ, ಒಂದೂಮುಕ್ಕಾಲು ಕಪ್ ಬಟರ್‌ಮಿಲ್ಕ್. ನಮ್ಮ ನೀರು ಮಜ್ಜಿಗೆ ಇದಕ್ಕೆ ಬಹಳ ತೆಳು. ಒಂದೂಕಾಲು ಕಪ್ ಹುಳಿ ಮೊಸರಿಗೆ ಅರ್ಧ ಕಪ್ ನೀರು ಬೆರೆಸಿ ಕಡೆದರೆ ಸರಿಹೋಗುತ್ತದೆ.

ಒವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಲಿ. ಹತ್ತಿಂಚಿನ ಬೀಡಿನ ಬಾಣಲೆಗೆ ನಾಲ್ಕು ದೊಡ್ಡ ಚಮಚ ಎಣ್ಣೆ ಹಾಕಿ ಒವನ್‌ನೊಳಗೇ ಕಾಯಿಸಿ. ಹೊರತೆಗೆದು, ಅರ್ಧ ಎಣ್ಣೆಯನ್ನು ಹಿಟ್ಟಿಗೆ ಸುರಿದು ಕಲಸಿ, ಆ ಹಿಟ್ಟನ್ನು ಬಿಸಿ ಬಾಣಲೆಗೆ ಹೊಯ್ಯಿರಿ. ಚೊರ್ ಎಂದು ಸದ್ದು ಬರಬೇಕು. ಸದ್ದು ಬರದಿದ್ದರೆ ಬಾಣಲೆ ಕಾದಿಲ್ಲ, ತಳ ಗರಿಗರಿಯಾಗುವುದಿಲ್ಲ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು.

ಸಕ್ಕರೆ ಹಾಕಬೇಕೋ ಬೇಡವೋ ಎಂಬುದಕ್ಕೆ ಇಲ್ಲಿ ಅಣ್ಣತಮ್ಮಂದಿರೇ ಜಗಳ ಆಡುತ್ತಾರೆ. ಪಕ್ಕದ ಮನೆಯಲ್ಲಿ ಹಾಕುವುದಿಲ್ಲ. ನಾನೂ ಹಾಕುವುದಿಲ್ಲ. ಬೀನ್ಸ್ ಕಟ್ಟಿನಲ್ಲಿ ಅದ್ದಿ ತಿನ್ನುವುದಕ್ಕೆ ಸಿಹಿ ಯಾಕೆ?

ಎಲೆಕೋಸಿನ ಜಾತಿಯ ಕೊಲಾರ್ಡ್ ಸೊಪ್ಪಿದ್ದರೆ ನಡುದಂಟು ತೆಗೆದು, ಮೂರು ಸಲ ತೊಳೆದು, ಅದೇ ಥರದ ಕಟ್ಟಿನಲ್ಲಿ ಒಂದು ಗಂಟೆ ಬೇಯಿಸಿ. ಸೊಪ್ಪಿನ ಆ ಕಟ್ಟನ್ನು ಇಲ್ಲಿ ಪಾಟ್ ಲಿಕ್ಕರ್ ಅನ್ನುತ್ತಾರೆ. ಚೆಲ್ಲಿದರೆ ಬೈಸಿಕೊಳ್ಳುತ್ತೀರಿ.

ಜನವರಿ 1ರ ಅಡುಗೆ

ಹೊಸ ವರ್ಷದ ದಿನ ದಕ್ಷಿಣದ ಮನೆಗಳಲ್ಲಿ ಅಲಸಂದೆ ತಿನ್ನಲೇಬೇಕು. ಕಾಳು ಚಿಲ್ಲರೆ ನಾಣ್ಯ, ಸೊಪ್ಪು ನೋಟು, ಕಾರ್ನ್‌ಬ್ರೆಡ್ ಚಿನ್ನ ಅಂತ ಲೆಕ್ಕ. ಅಲಸಂದೆಯನ್ನು ಅಕ್ಕಿಯ ಜೊತೆ ಬೇಯಿಸಿದರೆ ಅದು ಹಾಪಿಂಗ್ ಜಾನ್. ಇದರ ಊರು ಕೆರೊಲಿನಾ ಕರಾವಳಿ. ಅಲ್ಲಿನ ಗದ್ದೆಗಳಲ್ಲಿ ದುಡಿದ ಗುಲಾಮರಲ್ಲಿ ಬಹಳ ಜನ ಪಶ್ಚಿಮ ಆಫ್ರಿಕಾದ ಭತ್ತದ ನಾಡಿನಿಂದ ಬಂದವರು. ಭತ್ತ ಬೆಳೆಯುವ ವಿದ್ಯೆ, ಅಕ್ಕಿ ಜೊತೆ ಕಾಳು ಬೇಯಿಸುವ ರುಚಿ ಎರಡೂ ಅವರದು.

ಮಾಡುವುದು ಸುಲಭ. ಒಂದು ಕಪ್ ಅಕ್ಕಿ, ಎರಡು ಕಪ್ ಬೀನ್ಸ್ ಕಟ್ಟು, ಒಂದೂವರೆ ಕಪ್ ಬೆಂದ ಅಲಸಂದೆ. ಒಂದು ಕುದಿ, ಆಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಹದಿನೆಂಟು ನಿಮಿಷ, ಹತ್ತು ನಿಮಿಷ ಹಾಗೇ ಬಿಡಿ. ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ. ಬಾಸ್ಮತಿಯ ವಾಸನೆ ಹೊಗೆಯ ವಾಸನೆಗೆ ಜಗಳ ತೆಗೆಯುತ್ತದೆ.

ಕೈಯಳತೆಯನ್ನು ಬರೆದುಕೊಳ್ಳುವುದು

ನಿಮ್ಮ ಪಕ್ಕದಲ್ಲೋ ನೆಂಟರಲ್ಲೋ ಈ ಅಡುಗೆ ಗೊತ್ತಿರುವ ಹಿರಿಯರಿದ್ದರೆ ರೆಸಿಪಿ ಕೊಡಿ ಅಂತ ಕೇಳಬೇಡಿ. ಹಾಗೆ ಕೇಳಿದರೆ ಮೂರು ಸಾಲು ಸಿಗುತ್ತದೆ. ಒಲೆ ಹಚ್ಚುವ ದಿನ ಹೋಗಿ ಈರುಳ್ಳಿ ಹೆಚ್ಚಿಕೊಡಿ.

"ಎಷ್ಟು ಉಪ್ಪು, ಮ್ಯಾಮ್?" ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಇಲ್ಲಿ ಹಿರಿಯ ಹೆಂಗಸರಿಗೆ ಹಾಗೆಯೇ ಕರೆಯಬೇಕು. ಅಂಗೈಯಲ್ಲಿ ಉಪ್ಪು ಸುರಿದುಕೊಂಡು, "ಸರಿ ಅನ್ನಿಸುವಷ್ಟು, ಬೇಬಿ" ಅಂದರು. ಆ ಅಂಗೈಯನ್ನು ಪಾತ್ರೆಯ ಮೇಲೆ ಬೋರಲು ಹಾಕುವ ಮೊದಲು ಒಂದು ಬಟ್ಟಲು ಅಡ್ಡ ಹಿಡಿಯಿರಿ. ತಕ್ಕಡಿಯಲ್ಲಿ ತೂಗಿ ಬರೆದುಕೊಂಡು ವಾಪಸ್ ಕೊಡಿ. ಅವರು ನಗುತ್ತಾರೆ, ಪರವಾಗಿಲ್ಲ. ಹಿಟ್ಟಿಗೂ ನೀರಿಗೂ ಹೀಗೇ ಮಾಡಿ. ಪಾತ್ರೆಯ ಅಗಲ, ನೀರು ಯಾವ ಗೆರೆಯವರೆಗೆ, ಗಡಿಯಾರದಲ್ಲಿ ಎಷ್ಟು ಹೊತ್ತು, ಇವನ್ನು ಅವರನ್ನು ಕೇಳದೆ ನೀವೇ ನೋಡಿ ಬರೆಯಿರಿ. ಅವರಿಗೆ ಗಂಟೆ ಲೆಕ್ಕ ಇರುವುದಿಲ್ಲ, ವಾಸನೆಯ ಲೆಕ್ಕ ಇರುತ್ತದೆ.

ಕೇಳಬೇಕಾದದ್ದು ಬೇರೆ. ಕಾಳು ಯಾರ ಹೊಲದ್ದು? ಬಿಡಿಸುತ್ತಿದ್ದವರು ಯಾರು? ಮಾಂಸ ಇಲ್ಲದ ವಾರ ಏನು ಹಾಕುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ: ಹಿಂದಿನ ವಾರ ಕುದಿಸಿದ ಮೂಳೆಯನ್ನೇ ಮತ್ತೆ. ಅದೂ ಇಲ್ಲದಾಗ ಕರಿದ ಕೊಬ್ಬಿನ ಡಬ್ಬಿಯಿಂದ ಒಂದು ಚಮಚ. ಧ್ವನಿ ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಿ. ಕೆಲವು ನೆನಪು ಹೇಳುವಾಗ ಅವರು ಸುಮ್ಮನಾಗುತ್ತಾರೆ. ಕೂಲಿಗೆ ಹತ್ತಿ ಬಿಡಿಸಿದ ವರ್ಷಗಳು, ಉತ್ತರಕ್ಕೆ ಹೋಗಿ ಮರಳದ ಅಣ್ಣ. ಆಗ ಕೆದಕಬೇಡಿ, ಈರುಳ್ಳಿ ಹೆಚ್ಚುತ್ತಿರಿ.

ಮಿಕ್ಕಿದ್ದನ್ನು ಇಡುವುದು

ಈ ಬೀನ್ಸ್ ಮರುದಿನಕ್ಕೇ ಹೆಚ್ಚು ರುಚಿ. ಆದರೆ ದೊಡ್ಡ ಪಾತ್ರೆಯನ್ನು ಹಾಗೇ ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ, ಹಳಸುತ್ತದೆ. ಅಗಲವಾದ, ಆಳ ಕಡಿಮೆಯಿರುವ ಡಬ್ಬಿಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಮೂರು ನಾಲ್ಕು ದಿನ ಇರುತ್ತದೆ. ಹ್ಯಾಮ್ ಹಾಕ್ ಹಾಕಿದ್ದರೆ ಬೆಳಿಗ್ಗೆ ಕಟ್ಟು ಜೆಲ್ಲಿಯಂತೆ ಗಟ್ಟಿಯಾಗಿರುತ್ತದೆ. ಹಾಗಾಗಿದ್ದರೆ ಕಟ್ಟು ಸರಿಯಾಗಿ ಇಳಿದಿದೆ ಅಂತಲೇ ಅರ್ಥ. ಬಿಸಿ ಮಾಡುವಾಗ ಸ್ವಲ್ಪ ನೀರು ಸೇರಿಸಿ, ತಳ ಹಿಡಿಯದ ಹಾಗೆ ನೋಡಿಕೊಳ್ಳಿ. ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಇಡಬಹುದು. ಕಾಳು ಕಟ್ಟಿನಲ್ಲಿ ಪೂರ್ತಿ ಮುಳುಗಿರಲಿ, ಇಲ್ಲದಿದ್ದರೆ ಮೇಲಿನ ಕಾಳು ಒಣಗಿ ಚರ್ಮದಂತಾಗುತ್ತದೆ.